ನಮ್ಮ ಚರ್ಚಿನ ಹಳೆಯ ಪಿಯಾನೊ

ಸೊಲ್ಲಾಪುರದ ಧರ್ಮಕೇಂದ್ರಕ್ಕೆ ನಾವು ವರ್ಗವಾಗಿ ಬಂದದ್ದು 2021ರ ಮಳೆಗಾಲದಲ್ಲಿ. ಕೊರೊನಾದ ಕಾರಣ ದೇವಾಲಯದ ಬಾಗಿಲು ಮುಚ್ಚಿತ್ತು. ಮಹಾರಾಷ್ಟ್ರದಲ್ಲಿ ಪ್ರಾರ್ಥನಾ ಮಂದಿರಗಳು ಭಕ್ತರಿಗೆ ಮತ್ತೆ ತೆರೆದದ್ದು ಆ ವರ್ಷದ ಅಕ್ಟೋಬರ್ 7ರಂದು. ಅಲ್ಲಿಯವರೆಗೆ ಖಾಲಿ ಬೆಂಚುಗಳ ಮುಂದೆ ಬಲಿಪೂಜೆ ಅರ್ಪಿಸುವುದು, ಉಳಿದ ಹೊತ್ತಿನಲ್ಲಿ ಕೋಣೆಗಳನ್ನು ಗುಡಿಸಿ ಒಪ್ಪ ಮಾಡುವುದು, ಇಷ್ಟೇ ನಮ್ಮ ಕೆಲಸವಾಗಿತ್ತು. ಹೀಗೆ ಒಂದು ದಿನ ಪೀಠದ ಹಿಂದಿನ ಕೋಣೆಯನ್ನು ಗುಡಿಸುತ್ತಿದ್ದಾಗ ಗೋಡೆಗೆ ಒತ್ತಿ ಇಟ್ಟಿದ್ದ ಉದ್ದನೆಯ ಕಪ್ಪು ಪೆಟ್ಟಿಗೆಯೊಂದು ಕಣ್ಣಿಗೆ ಬಿತ್ತು. ಅದರ ಮೇಲೆ ಹಳೆಯದೊಂದು ಸೊಲ್ಲಾಪುರ ಚಾದರ, ಚಾದರದ ಮೇಲೆ ಹೂದಾನಿಗಳು, ಅರ್ಧ ಉರಿದ ಮೇಣದ ಬತ್ತಿಗಳು, ಹಿಂದಿನ ಕ್ರಿಸ್ಮಸ್ಸಿನ ಗೋದಲಿಯಿಂದ ತಪ್ಪಿಸಿಕೊಂಡ ಒಂದು ಒಂಟೆ.

"ಇದೇನಪ್ಪಾ, ಶವಪೆಟ್ಟಿಗೆಯೇ?" ಎಂದು ಕೇಳಿದೆವು.

ದೇವಾಲಯದ ಪರಿಚಾರಕ ನಕ್ಕ. "ಅಲ್ರಿ ಫಾದರ್, ಪೇಟಿ ಅದ. ಕೆಟ್ಟು ಬಾಳ ವರ್ಸಾತು."

ಈ ಸೀಮೆಯಲ್ಲಿ ಪೇಟಿ ಎಂದರೆ ಹಾರ್ಮೋನಿಯಂ. ಆದರೆ ಮುಚ್ಚಳ ತೆರೆದಾಗ ಕಂಡದ್ದು ಹಾರ್ಮೋನಿಯಂ ಆಗಿರಲಿಲ್ಲ. 88 ಕೀಗಳ, ನಲವತ್ತು ಕಿಲೋ ಸಮೀಪ ತೂಗುವ ಡಿಜಿಟಲ್ ಪಿಯಾನೊ. ಇದು ಜಾಹೀರಾತಲ್ಲವಾದ್ದರಿಂದ ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಜಪಾನಿನ ತಯಾರಿ, 1980ರ ದಶಕದ ಕೊನೆಯದು ಎಂದರೆ ಸಾಕು. ಇಂಥದ್ದನ್ನು ಸ್ಟೇಜ್ ಪಿಯಾನೊ ಎನ್ನುತ್ತಾರೆ. ಮನೆಯ ಹಾಲ್‌ನಲ್ಲಿ ಅಲಂಕಾರಕ್ಕೆ ಇಡುವ ವಾದ್ಯವಲ್ಲ ಇದು. ವೇದಿಕೆಯಿಂದ ವೇದಿಕೆಗೆ ಹೊತ್ತೊಯ್ಯಲು ಮಾಡಿದ್ದು. ಇದರೊಳಗೆ ಸ್ಪೀಕರ್ ಇರುವುದಿಲ್ಲ. ಹೊರಗಿನ ಆಂಪ್ಲಿಫೈಯರಿಗೆ ತಂತಿ ಜೋಡಿಸಬೇಕು. ಇಂದಿನ ಕೀಬೋರ್ಡುಗಳಂತೆ ನೂರಾರು ನಾದಗಳಿಲ್ಲ. ತಾನೇ ಬಾರಿಸುವ ತಬಲಾ, ಡ್ರಮ್ಮುಗಳಿಲ್ಲ. ಮೂರು ಬಗೆಯ ಪಿಯಾನೊ, ಎರಡು ಬಗೆಯ ಎಲೆಕ್ಟ್ರಿಕ್ ಪಿಯಾನೊ, ಮತ್ತೆ ಒಂದೆರಡು, ಅಲ್ಲಿಗೆ ಮುಗಿಯಿತು.

ಅದು ಚರ್ಚಿಗೆ ಬಂದ ಕಥೆಯನ್ನು ಪರಿಚಾರಕನೇ ಹೇಳಿದ. ನಮ್ಮ ಧರ್ಮಕೇಂದ್ರದ ಒಂದು ಕುಟುಂಬದ ಹುಡುಗ ಮುಂಬಯಿಗೆ ಹೋಗಿ ಹೋಟೆಲುಗಳ ವಾದ್ಯತಂಡಗಳಲ್ಲಿ ನುಡಿಸುತ್ತಿದ್ದ. ಹಡಗಿನಲ್ಲಿ ವಾದಕನಾಗಿದ್ದ ಯಾರೋ ಸ್ನೇಹಿತನಿಂದ ಈ ಪಿಯಾನೊವನ್ನು ಕೊಂಡಿದ್ದ. 2003ರಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಊರಿಗೆ ಮರಳಿದ. ಐದು ವರ್ಷ ಪ್ರತಿ ಭಾನುವಾರ ನಮ್ಮ ದೇವಾಲಯದಲ್ಲಿ ನುಡಿಸಿ, 2008ರ ಜನವರಿಯಲ್ಲಿ ತೀರಿಕೊಂಡ. ತಾಯಿ ವಾದ್ಯವನ್ನು ಚರ್ಚಿಗೇ ಬಿಟ್ಟುಕೊಟ್ಟರು. ಮುಂದೆ ಒಂದೆರಡು ವರ್ಷ ಯಾರೋ ನುಡಿಸಿದರಂತೆ. ಆಮೇಲೆ ಅದು ಹೂದಾನಿಯ ಮೇಜಾಯಿತು. ಆ ತಾಯಿ ಮಾತ್ರ ಎಂಬತ್ತರ ಹತ್ತಿರವಿದ್ದರೂ ತಪ್ಪದೆ ಪೂಜೆಗೆ ಬಂದು ಎಡಬದಿಯ ಮೂರನೆಯ ಬೆಂಚಿನಲ್ಲಿ ಕೂರುತ್ತಾರೆ.

ದೇವಾಲಯ ತೆರೆದ ಮೇಲೆ ಸೇರಿದ ಮೊದಲ ಪಾಲನಾ ಸಮಿತಿಯ ಸಭೆಯಲ್ಲೇ ಈ ವಿಷಯ ಬಂತು. ಗುಜರಿಯವನು ಮೂರು ಸಾವಿರ ಕೊಡುತ್ತಾನೆ, ಅದಕ್ಕೆ ಇನ್ನಷ್ಟು ಸೇರಿಸಿ ಹೊಸ ಕೀಬೋರ್ಡ್ ಕೊಳ್ಳೋಣ ಎಂದು ಖಜಾಂಚಿಯವರು ಹೇಳಿದರು. ಯುವಜನರು ಚಪ್ಪಾಳೆ ತಟ್ಟಿದರು. ಅವರಿಗೆ ರಿದಮ್ ಬೇಕಿತ್ತು. ನಿವೃತ್ತ ಶಿಕ್ಷಕರಾದ ಹಿರಿಯರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಫಾದರ್, ಚರ್ಚಿನೊಳಗೆ ಪಿಯಾನೊ ನುಡಿಸುವುದನ್ನು ಪೋಪರೇ ನಿಷೇಧಿಸಿದ್ದಾರೆ, ನಿಮಗೆ ಗೊತ್ತಿರಬೇಕು" ಎಂದರು.

ಗೊತ್ತಿತ್ತು. ಪುಣೆಯ ಸೆಮಿನರಿಯಲ್ಲಿ ದೈವಾರಾಧನೆಯ ಪಾಠದಲ್ಲಿ ಅದನ್ನು ಓದಿದ್ದೆವು, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆವು. ಸಂತ ಹತ್ತನೆಯ ಪಿಯುಸ್ ಜಗದ್ಗುರುಗಳು 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾಳ ಹಬ್ಬದ ದಿನವೇ, ದೇವಾಲಯ ಸಂಗೀತದ ಬಗ್ಗೆ ಒಂದು ಆಜ್ಞೆ ಹೊರಡಿಸಿದರು. ನಗಾರಿ, ತಾಳ, ಗಂಟೆಗಳಂಥ ಗದ್ದಲದ ವಾದ್ಯಗಳ ಜೊತೆಗೆ ಪಿಯಾನೊವನ್ನೂ ಚರ್ಚಿನಿಂದ ಹೊರಗಿಟ್ಟರು. ಆಗಿನ ಇಟಲಿಯಲ್ಲಿ ನಾಟಕ ಮಂದಿರದ ಸಂಗೀತ ದೇವಾಲಯದೊಳಗೆ ನುಗ್ಗಿತ್ತು. ಪಿಯಾನೊ ಆ ಲೋಕದ ವಾದ್ಯವಾಗಿತ್ತು. 1958ರ ಸೆಪ್ಟೆಂಬರಿನಲ್ಲಿ ರೋಮಿನಿಂದ ಬಂದ ಮತ್ತೊಂದು ಸೂಚನೆ ವಿದ್ಯುತ್ ಆರ್ಗನ್ನನ್ನು ತಾತ್ಕಾಲಿಕವಾಗಿ, ಧರ್ಮಾಧ್ಯಕ್ಷರ ಅಪ್ಪಣೆ ಪಡೆದು ಸಹಿಸಿಕೊಳ್ಳಬಹುದೆಂದಿತು. ತಾನಾಗಿ ನುಡಿಯುವ ಯಂತ್ರವಾದ್ಯ, ಗ್ರಾಮಫೋನು, ಟೇಪುಗಳನ್ನು ಆರಾಧನೆಯಲ್ಲಿ ಸಂಪೂರ್ಣ ನಿಷೇಧಿಸಿತು. ಈ ಲೆಕ್ಕದಲ್ಲಿ ನಮ್ಮ ಕಪ್ಪು ಪೆಟ್ಟಿಗೆ ಎರಡು ಪಟ್ಟು ಪಾಪಿ. ಪಿಯಾನೊ ಎಂಬುದು ಒಂದು, ವಿದ್ಯುತ್ತಿನದು ಎಂಬುದು ಇನ್ನೊಂದು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನವು ಕೊಳವೆ ಆರ್ಗನ್ನಿಗೆ ಹಿರಿಯ ಮಣೆ ಹಾಕಿದರೂ, ಪೂಜೆಗೆ ಹೊಂದುವ ಬೇರೆ ವಾದ್ಯಗಳಿಗೂ ಆಯಾ ಪ್ರದೇಶದ ಅಧಿಕಾರಿಗಳ ಒಪ್ಪಿಗೆಯಿಂದ ಬಾಗಿಲು ತೆರೆಯಿತು. 1967ರ ಮಾರ್ಚ್ 5ರ ಸೂಚನೆ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ವಾದ್ಯದ ಕೆಲಸ ಜನರ ದನಿಗೆ ಆಸರೆಯಾಗುವುದು, ದನಿಯನ್ನು ಮುಚ್ಚಿಹಾಕಬಾರದು, ಗುರು ಗಟ್ಟಿಯಾಗಿ ಪ್ರಾರ್ಥಿಸುವಾಗ ಅದು ಸುಮ್ಮನಿರಬೇಕು. ನಾವು ಶಿಕ್ಷಕರಿಗೆ ಇದನ್ನು ಹೇಳಿದಾಗ ಅವರು ಒಪ್ಪಿದರು, ಆದರೆ, "ಹಾಗಾದರೆ ತಾನೇ ಡ್ರಮ್ ಬಾರಿಸುವ ಕೀಬೋರ್ಡ್ ಕೊಳ್ಳುವುದು ಹೇಗೆ ಸರಿ?" ಎಂದು ಯುವಜನರ ಕಡೆ ತಿರುಗಿದರು. ಸಭೆಯಲ್ಲಿ ಗದ್ದಲವಾಯಿತು. ಗುಂಡಿ ಒತ್ತಿದರೆ ಹೊರಡುವ ತಾಳದ ಬಗ್ಗೆ ನಮ್ಮ ಅಭಿಪ್ರಾಯವೂ ಶಿಕ್ಷಕರದ್ದೇ. ಆ ತಾಳ ಜನರಿಗಾಗಿ ಕಾಯುವುದಿಲ್ಲ. ಅಜ್ಜಿಯೊಬ್ಬರು ಉಸಿರು ತೆಗೆದುಕೊಳ್ಳಲು ನಿಂತರೆ ಅದು ಅವರನ್ನು ಬಿಟ್ಟು ಮುಂದೆ ಹೋಗುತ್ತದೆ. ಕೊನೆಗೆ, ಹಳೆಯದನ್ನು ಒಮ್ಮೆ ತೋರಿಸಿ ನೋಡೋಣ, ಆಗದಿದ್ದರೆ ಗುಜರಿ ಎಂದು ತೀರ್ಮಾನವಾಯಿತು.

ಇನ್ನು ನಮ್ಮ ಬುದ್ಧಿವಂತಿಕೆಯ ಕಥೆ. ಸಭೆ ಮುಗಿದ ಸಂಜೆಯೇ ಉತ್ಸಾಹದಿಂದ ಪೆಟ್ಟಿಗೆಯನ್ನು ಹೊರಗೆಳೆದು, ಒರೆಸಿ, ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆವು. "ಫಟ್" ಎಂದಿತು. ಸುಟ್ಟ ವಾಸನೆ ಬಂತು. ಹಿಂಬದಿಯ ಚೀಟಿಯನ್ನು ಓದಿದ್ದು ಆಮೇಲೆ. ಜಪಾನಿನ ಒಳಮಾರುಕಟ್ಟೆಗೆ ಮಾಡಿದ ವಾದ್ಯವದು; 100 ವೋಲ್ಟಿನದು. ನಮ್ಮ ಮನೆಗಳಲ್ಲಿ ಬರುವುದು 230. ಆ ಹುಡುಗ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿದ್ದನಂತೆ. ಅದು ಎಂದೋ ಕಾಣೆಯಾಗಿತ್ತು. ಹತ್ತು ವರ್ಷಕ್ಕೂ ಮಿಕ್ಕಿ ಹೂದಾನಿ ಹೊತ್ತರೂ ಏನೂ ಆಗದ ವಾದ್ಯವನ್ನು ನಾವು ಒಂದು ಕ್ಷಣದಲ್ಲಿ ಸುಟ್ಟಿದ್ದೆವು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮೂರನೆಯ ಬೆಂಚಿನ ತಾಯಿಗೆ ಏನು ಹೇಳುವುದು?

ನಮ್ಮನ್ನು ಉಳಿಸಿದವರು ಟಿ.ವಿ. ರಿಪೇರಿ ಮಾಡುವ ಒಬ್ಬ ಅಣ್ಣ. ಮಗ್ಗದ ಮನೆತನದವರು. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ; ಸೊಲ್ಲಾಪುರದಲ್ಲಿ ಇದು ವಿಶೇಷವೇನಲ್ಲ. ಈಗ ಟಿ.ವಿ. ಕೆಟ್ಟರೆ ಜನ ಹೊಸದನ್ನೇ ಕೊಳ್ಳುವುದರಿಂದ ಅವರಿಗೆ ಪುರುಸೊತ್ತು ಇತ್ತು. ಮುಚ್ಚಳ ಬಿಚ್ಚಿ ನೋಡಿ, "ಫ್ಯೂಸು ತಾನು ಸತ್ತು ಉಳಿದವರನ್ನ ಉಳಿಸ್ಯಾದ ಫಾದರ್" ಎಂದರು. ಗುರುಗಳ ಎದುರು ಅದನ್ನು ಬೇಕೆಂದೇ ಹಾಗೆ ಹೇಳಿದರೋ ಏನೋ. ಪೂರ್ತಿ ಉಳಿಸಿರಲಿಲ್ಲ, ಒಂದು ವೋಲ್ಟೇಜ್ ರೆಗ್ಯುಲೇಟರ್, ಊದಿಕೊಂಡಿದ್ದ ಎರಡು ಕೆಪಾಸಿಟರ್ ಬದಲಾಯಿಸಬೇಕಾಯಿತು. 230ನ್ನು 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರನ್ನು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿಂದ ತರಿಸಿದರು. ಎರಡು ವಾರದ ಮೇಲೆ ಸಣ್ಣ ಪರದೆಯಲ್ಲಿ ಬೆಳಕು ಬಂತು.

ದನಿಯೂ ಬಂತು, ಆದರೆ ಎಲ್ಲ ಕೀಗಳಿಗೂ ಅಲ್ಲ. ಹನ್ನೊಂದು ಕೀ ಮೂಕ. ನಾಲ್ಕೈದು ಕೀಗಳನ್ನು ಮೆಲ್ಲಗೆ ಒತ್ತಿದರೂ ಕಿರುಚುತ್ತಿದ್ದವು. ಏಕೆಂದು ಅಣ್ಣ ತೋರಿಸಿದರು. ಇದನ್ನು ಸ್ವಲ್ಪ ವಿವರಿಸಬೇಕು. ನಿಮ್ಮ ಚರ್ಚಿನಲ್ಲೂ ಇಂಥ ವಾದ್ಯ ಮೂಲೆಯಲ್ಲಿ ಬಿದ್ದಿದ್ದರೆ ಉಪಯೋಗಕ್ಕೆ ಬಂದೀತು.

ಸುಮಾರು 1700ರಲ್ಲಿ ಫ್ಲಾರೆನ್ಸ್ ನಗರದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿ ಪಿಯಾನೊವನ್ನು ಕಂಡುಹಿಡಿದದ್ದೇ ಒಂದು ಕೊರತೆಯನ್ನು ತುಂಬಲು. ಅದಕ್ಕೂ ಮುಂಚಿನ ಹಾರ್ಪ್ಸಿಕಾರ್ಡಿನಲ್ಲಿ ಹೇಗೆ ಒತ್ತಿದರೂ ದನಿ ಒಂದೇ. ಕ್ರಿಸ್ತೊಫೊರಿಯ ವಾದ್ಯದಲ್ಲಿ ಸಣ್ಣ ಸುತ್ತಿಗೆ ತಂತಿಗೆ ಬಡಿಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರುದನಿ. ಇಟಾಲಿಯನ್ನಿನಲ್ಲಿ ಮೆಲ್ಲಗೆ ಎಂಬುದಕ್ಕೆ ಪಿಯಾನೊ, ಜೋರು ಎಂಬುದಕ್ಕೆ ಫೋರ್ತೆ ಎನ್ನುತ್ತಾರೆ. ವಾದ್ಯದ ಪೂರ್ತಿ ಹೆಸರು ಪಿಯಾನೊಫೋರ್ತೆ. ಡಿಜಿಟಲ್ ಪಿಯಾನೊದಲ್ಲಿ ಕೀಯ ಭಾರಕ್ಕಾಗಿ ಸುತ್ತಿಗೆ ಇದೆ, ಆದರೆ ತಂತಿಯಿಲ್ಲ. ಬದಲಿಗೆ ಪ್ರತಿ ಕೀಯ ಕೆಳಗೆ ರಬ್ಬರಿನ ಸಣ್ಣ ಗುಮ್ಮಟ, ಅದರೊಳಗೆ ಇಂಗಾಲದ ಎರಡು ಕರಿ ಚುಕ್ಕೆ. ಕೀ ಇಳಿಯುವಾಗ ಮೊದಲು ಒಂದು ಚುಕ್ಕೆ ಕೆಳಗಿನ ಹಲಗೆಯನ್ನು ಮುಟ್ಟುತ್ತದೆ, ಆಮೇಲೆ ಇನ್ನೊಂದು. ಈ ಎರಡರ ನಡುವೆ ಕಳೆದ ಕ್ಷಣವನ್ನು ಯಂತ್ರ ಎಣಿಸುತ್ತದೆ. ಅಂತರ ಕಡಿಮೆಯಾದರೆ ಬೆರಳು ವೇಗವಾಗಿ ಇಳಿದಿದೆ, ಅಂದರೆ ಜೋರು, ಹೆಚ್ಚಾದರೆ ಮೆಲು. ಒಂದು ಚುಕ್ಕೆಯ ಮೇಲೆ ಧೂಳು ಕೂತರೂ ಎಣಿಕೆ ತಪ್ಪುತ್ತದೆ. ನಮ್ಮ ಪಿಯಾನೊದಲ್ಲಿ ಸೊಲ್ಲಾಪುರದ ಧೂಳು, ಧೂಪದ ಮಸಿ, ಚಾದರದಿಂದ ಉದುರಿದ ಹತ್ತಿಯ ನವಿರು, ಎಲ್ಲವೂ ಇದ್ದವು. ಮುಚ್ಚುವುದಕ್ಕೆಂದು ಹೊದಿಸಿದ ಚಾದರವೇ ಹೀಗೆ ಮಾಡಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ನವಿರಿಲ್ಲದ ಬಟ್ಟೆಯಿಂದ ಹಲಗೆಯನ್ನೂ ಚುಕ್ಕೆಗಳನ್ನೂ ಹಗುರವಾಗಿ ಒರೆಸಿದೆವು. ಒತ್ತಿ ಉಜ್ಜಿದರೆ ಇಂಗಾಲವೇ ಕಿತ್ತುಬರುತ್ತದೆ. 88 ಕೀಗಳಿಗೆ ಮೂರು ಶನಿವಾರ ಹಿಡಿಯಿತು.

ಒರೆಸುತ್ತಾ ಕೂತಾಗ ಈ ವಾದ್ಯಗಳ ಇತಿಹಾಸವನ್ನು ಅಷ್ಟಿಷ್ಟು ಓದಿಕೊಂಡೆವು. ಅದರಲ್ಲಿ ಒಂದು ಪ್ರಸಂಗವನ್ನು ಹೇಳದೆ ಇರಲಾರೆವು. ಅಮೆರಿಕದ ರೇ ಕರ್ಜ್‌ವೈಲ್ ಎಂಬ ತಂತ್ರಜ್ಞ 1976ರಲ್ಲಿ ಅಂಧರಿಗಾಗಿ ಪುಸ್ತಕ ಓದಿ ಹೇಳುವ ಯಂತ್ರವನ್ನು ಮಾಡಿದರು. ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಗಾಯಕ ಸ್ಟೀವಿ ವಂಡರ್ ಅದನ್ನು ಕೊಂಡರು, ಇಬ್ಬರೂ ಗೆಳೆಯರಾದರು. ನಿಜವಾದ ಪಿಯಾನೊದಂತೆ ನುಡಿಯುವ ಕಂಪ್ಯೂಟರ್ ವಾದ್ಯವೊಂದು ಸಾಧ್ಯವೇ ಎಂದು 1982ರಲ್ಲಿ ಸ್ಟೀವಿ ಕೇಳಿದ ಪ್ರಶ್ನೆಗೆ ಉತ್ತರವಾಗಿ 1984ರಲ್ಲಿ ಕರ್ಜ್‌ವೈಲ್ 250 ಹೊರಬಂತು. ಅದರ ಬೆಲೆ ಸಾಮಾನ್ಯರಿಗೆ ಎಟುಕುವಂತಿರಲಿಲ್ಲ. 1986ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಆರ್‌ಡಿ-1000 ಎಂಬ ಸ್ಟೇಜ್ ಪಿಯಾನೊವನ್ನು ತಂದಿತು; ಎಲ್ಟನ್ ಜಾನ್ ಅದನ್ನು ವೇದಿಕೆಯಲ್ಲಿ ನುಡಿಸಿದರು. ಆಗ ದನಿ ಹುಟ್ಟಿಸುವ ಚಿಪ್ಪುಗಳ ಶಕ್ತಿ ಕಡಿಮೆ. ಆದ್ದರಿಂದ ಆ ಕಾಲದ ಎಷ್ಟೋ ವಾದ್ಯಗಳು ಒಂದು ಸಲಕ್ಕೆ ಹದಿನಾರು ಸ್ವರಗಳನ್ನಷ್ಟೇ ಹಿಡಿಯಬಲ್ಲವು. ನಮ್ಮದೂ ಹಾಗೆಯೇ. ಪೆಡಲನ್ನು ಒತ್ತಿಹಿಡಿದು ನುಡಿಸುತ್ತಾ ಹೋದರೆ ಹದಿನೇಳನೆಯ ಸ್ವರ ಬಂದಾಗ ಮೊದಲು ಬಂದದ್ದು ಎದ್ದು ಹೋಗುತ್ತದೆ, ನಮ್ಮೂರ ಎಸ್.ಟಿ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟಂತೆ. ಕಡಿಮೆ ನುಡಿಸುವುದನ್ನು ಅದು ತಾನಾಗಿ ಕಲಿಸುತ್ತದೆ.

ಈಗ ಆ ಸಣ್ಣ ಪರದೆಯ ಮಾತು. ಕಾರ್ಖಾನೆಯಿಂದ ಬಂದ ನಾದಗಳ ಜೊತೆಗೆ ನುಡಿಸುವವರು ತಮಗೆ ಬೇಕಾದಂತೆ ಬದಲಾಯಿಸಿ ಹೆಸರು ಕೊಟ್ಟು ಉಳಿಸಿಕೊಳ್ಳಲು ಒಂದಷ್ಟು ಜಾಗ ಅದರಲ್ಲಿದೆ. ಒಂದೊಂದೇ ಗುಂಡಿ ಒತ್ತುತ್ತಾ ಹೋದಾಗ ಎಲ್ಲವೂ ಇಂಗ್ಲಿಷಿನ ಹೆಸರುಗಳು: ಜಾಜ್, ಹೋಟೆಲ್, ಮದುವೆ. ಕೊನೆಯ ಜಾಗದಲ್ಲಿ ಮಾತ್ರ ನಾಲ್ಕು ಇಂಗ್ಲಿಷ್ ಅಕ್ಷರ: ಎ, ವಿ, ವಿ, ಎ. ಅಣ್ಣನಿಗೆ ಅರ್ಥವಾಗಲಿಲ್ಲ, ಯಾವುದೋ ಕಂಪನಿಯ ಹೆಸರೆಂದುಕೊಂಡರು. ನಾವು ಕೂಡಿಸಿ ಓದಿದೆವು. ಅವ್ವ.

ಅದೇ ಹೊತ್ತಿಗೆ ಅಣ್ಣ ಇನ್ನೊಂದು ಸುದ್ದಿ ಹೇಳಿದರು. ಈ ಉಳಿಸಿಕೊಂಡ ನಾದಗಳೆಲ್ಲ ನಿಂತಿರುವುದು ಒಳಗಿನ ನಾಣ್ಯದಷ್ಟು ಅಗಲದ ಒಂದು ಲಿಥಿಯಂ ಬ್ಯಾಟರಿಯ ಮೇಲೆ. ಕಾರ್ಖಾನೆಯ ನಾದಗಳಿಗೆ ಅದು ಬೇಡ. ಆದರೆ ಹುಡುಗ ತಾನು ಮಾಡಿಟ್ಟದ್ದಕ್ಕೆ ಬೇಕು. ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಬದಲಾಯಿಸಲು ತೆಗೆದ ಕ್ಷಣವೇ ಎಲ್ಲವೂ ಅಳಿಸಿಹೋಗುತ್ತದೆ. ಬದಲಾಯಿಸದಿದ್ದರೆ ಇವತ್ತೋ ನಾಳೆಯೋ ತಾನೇ ಅಳಿಸಿಹೋಗುತ್ತದೆ.

ತಂತಿ ಜೋಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳುವ ದಾರಿಯೂ ಇದೆ. 1983ರಲ್ಲಿ ಬಂದ ಮಿಡಿ ಎಂಬ ವ್ಯವಸ್ಥೆಯಿಂದ ಯಾವ ಕಂಪನಿಯ ವಾದ್ಯವಾದರೂ ಇನ್ನೊಂದಕ್ಕೆ ಸಂದೇಶ ಕಳಿಸಬಲ್ಲದು. ನಮ್ಮ ಬಳಿ ಅದಕ್ಕೆ ಬೇಕಾದ ಸಲಕರಣೆ ಇರಲಿಲ್ಲ. ಆದ್ದರಿಂದ ಎರಡು ರಾತ್ರಿ ಕೂತು, ಪರದೆಯಲ್ಲಿ ಕಂಡ ಪ್ರತಿ ಅಂಕಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ದೀಕ್ಷಾಸ್ನಾನದ ದಾಖಲೆ ಬರೆಯುವಾಗ ಕೂಡ ಅಷ್ಟು ಎಚ್ಚರವಿಟ್ಟಿದ್ದೇವೋ ಇಲ್ಲವೋ. ಆಮೇಲೆ ಬ್ಯಾಟರಿ ಬದಲಾಯಿತು, ಪರದೆ ಖಾಲಿಯಾಯಿತು, ನೋಟ್‌ಬುಕ್ ನೋಡಿ ಎಲ್ಲವನ್ನೂ ಮತ್ತೆ ತುಂಬಿದೆವು.

ಹಾಗೆ ತುಂಬುವಾಗಲೇ "ಅವ್ವ" ಎಂಬ ನಾದದಲ್ಲಿ ಒಂದು ವಿಚಿತ್ರ ಕಂಡದ್ದು. ಮೃದುವಾದ ಪಿಯಾನೊ, ಅದರ ಹೊಳಪನ್ನು ಇನ್ನಷ್ಟು ಇಳಿಸಲಾಗಿತ್ತು. ಜೊತೆಗೆ ಸ್ಥಾಯಿ ಬದಲಿಸುವ ಜಾಗದಲ್ಲಿ ಮೈನಸ್ ನಾಲ್ಕು. ಅಂದರೆ ಬೆರಳು ಒತ್ತುವುದು ಒಂದು ಕೀ, ಕೇಳುವುದು ಅದಕ್ಕಿಂತ ನಾಲ್ಕು ಅರ್ಧಸ್ವರ ಕೆಳಗೆ. ಪೇಟಿಯವರ ಭಾಷೆಯಲ್ಲಿ ಹೇಳುವುದಾದರೆ ಬಿಳಿ ಎರಡರಲ್ಲಿ ನುಡಿಸಿದರೆ ಕರಿ ಐದರಲ್ಲಿ ಕೇಳುತ್ತದೆ. ವೃತ್ತಿಯಿಂದ ವಾದಕನಾದವನಿಗೆ ಇದರ ಅಗತ್ಯವೇನು? ಅವನು ಯಾವ ಸ್ಥಾಯಿಯಲ್ಲಾದರೂ ನುಡಿಸಬಲ್ಲ.

ಮುಂದಿನ ಭಾನುವಾರ ಪೂಜೆಯ ನಂತರ ಆ ತಾಯಿಯನ್ನು ಒಳಗೆ ಕರೆದು ಕೇಳಿದೆವು. ಅವರು ಮೊದಲು ವಾದ್ಯವನ್ನು ಮುಟ್ಟಿ ನೋಡಿದರು. ಆಮೇಲೆ ನಕ್ಕರು.

"ನನ್ನ ದನಿ ಮ್ಯಾಲ ಏರಂಗಿಲ್ರಿ ಫಾದರ್. ಚರ್ಚಿನ್ಯಾಗ ಎಲ್ಲಾರೂ ಆಕಾಶಕ್ಕ ಹಾಡ್ತಾರ. ನಾ ಬಾಯಿ ಮುಚ್ಕೊಂಡು ಕೂಡ್ತೀನಿ. ಮನ್ಯಾಗ ಅಂವಾ ಬಾರ್ಸೂವಾಗ ನಾ ಹಾಡ್ಲಿ ಅಂತ ಹೀಂಗ ಮಾಡಿದ್ದ. ಡಯಾಲಿಸಿಸ್ ಆಗಿ ಬಂದ ದಿನ ಕೈ ನಡುಗ್ತಿದ್ವು. ತಿಳಿದದ್ದ ಜಾಗಾದಾಗ ಬೆರಳು ಇಟ್ರ ಸಾಕು, ದನಿ ನಂದಕ್ಕ ಇಳೀತದ ಅಂತಿದ್ದ."

ನಮ್ಮ ಬಳಿ ಮಾತು ಇರಲಿಲ್ಲ. ಹದಿಮೂರು ವರ್ಷ ಅಲ್ಲ, ಅದಕ್ಕೂ ಮುಂಚಿನಿಂದಲೇ ಅವರು ದೇವಾಲಯದಲ್ಲಿ ಹಾಡುತ್ತಿರಲಿಲ್ಲ ಎಂಬುದು ನಮಗೆ ಆಗಷ್ಟೇ ತಿಳಿಯಿತು. ಅವರೊಬ್ಬರೇ ಅಲ್ಲ. ಅದರ ಮುಂದಿನ ಭಾನುವಾರ ಪ್ರವೇಶಗೀತೆಯ ಹೊತ್ತಿಗೆ ನಾವು ಜನರ ಬಾಯಿಗಳನ್ನು ನೋಡಿದೆವು. ಇಷ್ಟು ವರ್ಷದ ಗುರುಜೀವನದಲ್ಲಿ ಹಾಗೆ ನೋಡಿದ್ದು ಅದೇ ಮೊದಲು ಎಂದು ಒಪ್ಪಿಕೊಳ್ಳಬೇಕು. ಗಾನವೃಂದದ ಹುಡುಗಿಯರು ಹಾಡುತ್ತಿದ್ದರು. ಮುಂದಿನ ಬೆಂಚಿನ ಮಕ್ಕಳು ಹಾಡುತ್ತಿದ್ದರು. ಗಂಡಸರು ಮೊದಲ ಸಾಲಿಗೆ ಸೇರಿ, ಗೀತೆ ಮೇಲಕ್ಕೆ ಏರಿದಲ್ಲಿ ಕೈಬಿಟ್ಟು, ಮತ್ತೆ ಕೆಳಗೆ ಬಂದಾಗ ಸೇರುತ್ತಿದ್ದರು. ಹಿರಿಯ ಹೆಂಗಸರ ಬಾಯಿಗಳು ಮುಚ್ಚಿದ್ದವು.

ಭಾಷೆಯ ಕಾರಣವೂ ಇದೆಯೆಂದು ಕೆಲವರು ಹೇಳುತ್ತಾರೆ. ಸೊಲ್ಲಾಪುರದ ಧರ್ಮಕೇಂದ್ರಗಳು ಪುಣೆಯ ಧರ್ಮಪ್ರಾಂತಕ್ಕೆ ಸೇರಿವೆ, ಪೂಜೆ ಮರಾಠಿಯಲ್ಲಿ. ವಚನಕಾರ ಸಿದ್ಧರಾಮರ ಸೊನ್ನಲಿಗೆ ಇದೇ ಊರು. ಇಂದಿಗೂ ಎಷ್ಟೋ ಮನೆಗಳಲ್ಲಿ ಕನ್ನಡ ಕೇಳುತ್ತದೆ. ಆದರೆ ನಮ್ಮ ಜನಕ್ಕೆ ಮರಾಠಿ ಪರಕೀಯವಲ್ಲ. ಹಾಡಲು ಅಡ್ಡಿಯಾಗಿದ್ದದ್ದು ನುಡಿಯಲ್ಲ, ಎತ್ತರ. ಗಾನವೃಂದ ತನಗೆ ಅನುಕೂಲವಾದ ಸ್ಥಾಯಿಯಲ್ಲಿ ಹಾಡುತ್ತಿತ್ತು. ಅದಕ್ಕೆ ಮೈಕ್ ಬೇರೆ ಇತ್ತು. ಬೆಂಚಿನಲ್ಲಿ ಕೂತವರು ಸಭಿಕರಾಗಿದ್ದರು.

ಪಿಯಾನೊ ಕಲಿಯಲು ಮುಂದೆ ಬಂದವಳು ಹನ್ನೊಂದನೆಯ ತರಗತಿಯ ಒಬ್ಬ ಹುಡುಗಿ. ರಿದಮ್ ಬೇಕೆಂದು ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವಳು ಅವಳೇ. ಮೊದಲ ವಾರ ಬೆರಳು ನೋವೆಂದು ಅತ್ತಳು. ಕೀಬೋರ್ಡಿನ ಹಗುರ ಕೀಗಳಿಗೆ ಒಗ್ಗಿದ ಕೈಗೆ ಸುತ್ತಿಗೆಯ ಭಾರ ಹೊಸದು. ನಾವು ಸೆಮಿನರಿಯಲ್ಲಿ ಕಲಿತದ್ದು ಪೇಟಿ. ಎಡಗೈ ಗಾಳಿ ಒತ್ತಲು ಮೀಸಲು, ಆದ್ದರಿಂದ ಎರಡು ಕೈಯ ವಿದ್ಯೆ ನಮಗೂ ಇಲ್ಲ. ಅವಳು ಮೊಬೈಲಿನಲ್ಲಿ ನೋಡಿ ಕಲಿತಳು. 2022ರ ತಪಸ್ಸುಕಾಲದಲ್ಲಿ ಮೊದಲ ಸಲ ದೇವಾಲಯದಲ್ಲಿ ನುಡಿಸಿದಳು. ತಪಸ್ಸುಕಾಲದಲ್ಲಿ ವಾದ್ಯ ಕೇವಲ ಹಾಡಿಗೆ ಆಸರೆಯಾಗಬೇಕೆಂಬ ನಿಯಮ ಹೊಸಬಳಿಗೆ ಅನುಕೂಲವೇ ಆಯಿತು, ಹೆಚ್ಚು ನುಡಿಸುವಂತಿರಲಿಲ್ಲ. ಅವಳಿಗೆ ನಾವು ಕೊಟ್ಟ ಸೂಚನೆ ಒಂದೇ: ಕೊನೆಯ ಗುಂಡಿ ಒತ್ತು, ಆಮೇಲೆ ನಿನಗೆ ತಿಳಿದಂತೆ ನುಡಿಸು.

ಗಾನವೃಂದ ಗೊಣಗಿತು. ಹಾಡು ಸಪ್ಪೆ, ಮಿಂಚು ಇಲ್ಲ ಎಂದರು. ಅದು ಸುಳ್ಳೇನೂ ಅಲ್ಲ. ಕೆಲವು ಗೀತೆಗಳಿಗೆ ನಾಲ್ಕು ಮೆಟ್ಟಿಲು ಇಳಿಸಿದ್ದು ಹೆಚ್ಚಾಯಿತು, ಎರಡು ಸಾಕಾಯಿತು. ಕ್ರಿಸ್ಮಸ್ಸಿನ ರಾತ್ರಿ ಪೂಜೆಗೆ ಹುಡುಗಿಯರ ಇಷ್ಟದಂತೆ ಮೇಲಕ್ಕೇ ಬಿಟ್ಟೆವು. ಹಿಂದಿನ ಬೆಂಚುಗಳಿಂದ ದನಿ ಬರಲು ಪಾಸ್ಖ ಹಬ್ಬ ಕಳೆದು ಒಂದೆರಡು ತಿಂಗಳೇ ಹಿಡಿಯಿತು. ಅದೂ ಎಲ್ಲರಿಂದಲ್ಲ.

ಆ ವರ್ಷದ ಕೊನೆಗೆ ತಾಯಿ ಒಂದು ಕೋರಿಕೆ ಇಟ್ಟರು. ಅವರ ತವರು ಅಕ್ಕಲಕೋಟೆ. ಮಗನ ವರ್ಷದ ಪೂಜೆಯನ್ನು ಈ ಸಲ ಅಣ್ಣನ ಮನೆಯಲ್ಲಿ, ಕನ್ನಡದಲ್ಲಿ ಮಾಡಬೇಕು, ಪೇಟಿಯನ್ನೂ ತರಬೇಕು. ಕಲಬುರಗಿ ಕಡೆಯ ಗುರುಮಿತ್ರರೊಬ್ಬರಿಂದ ಕನ್ನಡ ಪೂಜಾಗ್ರಂಥ ತರಿಸಿಕೊಂಡೆವು. 2023ರ ಜನವರಿ, ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಜಾತ್ರೆಯ ಗದ್ದಲ. ಪಿಯಾನೊವನ್ನು ಅದೇ ಚಾದರದಲ್ಲಿ ಸುತ್ತಿ (ಈ ಸಲ ಒಳಗೊಂದು ಪ್ಲಾಸ್ಟಿಕ್ ಹಾಳೆ ಇತ್ತು) ಟೆಂಪೊದಲ್ಲಿ ಹಾಕಿಕೊಂಡು ನಲವತ್ತು ಕಿಲೋಮೀಟರ್ ಹೋದೆವು. ಗುರುವಾರ ಎಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಕ್ಕಲಕೋಟೆಯಲ್ಲಿ ಗುರುವಾರವೆಂದರೆ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರ ಸಾಲು ಸಾಲು ವಾಹನ. ಒಂದು ಗಂಟೆ ತಡವಾಯಿತು.

ದಾರಿಯಲ್ಲಿ ತಾಯಿ, ಪರಮಪ್ರಸಾದದ ಹೊತ್ತಿಗೆ ಹಾಡು ಬೇಡ, ಮಗ ನುಡಿಸುತ್ತಿದ್ದ ಹಾಗೆ ಬರೀ ಪೇಟಿಯನ್ನು ನುಡಿಸಲಿ ಎಂದರು. 1967ರ ಸೂಚನೆಯ ಪ್ರಕಾರ ಮೃತರಿಗಾಗಿ ಅರ್ಪಿಸುವ ಪೂಜೆಯಲ್ಲಿ ವಾದ್ಯವನ್ನು ಒಂಟಿಯಾಗಿ ನುಡಿಸುವಂತಿಲ್ಲ. ಒಬ್ಬ ತಾಯಿಗೆ ಟೆಂಪೊದಲ್ಲಿ ಕೂತು ಅದನ್ನು ಹೇಗೆ ಹೇಳುವುದು? ಹೇಳಿದೆವು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನುಡಿಸಬಹುದು ಅವ್ವಾ ಎಂದೆವು. ಅವರು "ಆಗ್ಲಿರಿ" ಎಂದು ಕಿಟಕಿಯ ಕಡೆ ನೋಡಿದರು. ಹೇಳಬಾರದಿತ್ತೇನೋ ಎಂದು ಅಕ್ಕಲಕೋಟೆ ಬರುವವರೆಗೂ ನಮ್ಮ ಮನಸ್ಸು ಕುಟುಕುತ್ತಲೇ ಇತ್ತು.

ಮನೆಯಲ್ಲಿ ಇನ್ನೊಂದು ಸಂಗತಿ ಕಾದಿತ್ತು. ಪಕ್ಕದ ಮನೆಯ ಭಜನೆಯ ಕಾಕಾ ತಮ್ಮ ಪೇಟಿಯನ್ನು ಹಿಡಿದು ಬಂದು ಕೂತಿದ್ದರು. ಪೇಟಿಯೂ ಹೊರಗಿನಿಂದ ಬಂದದ್ದೇ. 1840ರ ದಶಕದ ಪ್ಯಾರಿಸಿನದು, ಕಲ್ಕತ್ತೆಯಲ್ಲಿ ನೆಲದ ಮೇಲೆ ಕೂತು ನುಡಿಸುವ ರೂಪ ಪಡೆಯಿತು. ನಮ್ಮ ರಾಗಗಳಿಗೆ ಒಗ್ಗದೆಂದು ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಅಕ್ಕಲಕೋಟೆಯ ಅಂಗಳದಲ್ಲಿ ಮಾತ್ರ ಅದು ಮನೆಮಗ, ನಮ್ಮ ಪಿಯಾನೊ ಪರದೇಶಿ. ಎರಡನ್ನೂ ಒಟ್ಟಿಗೆ ನುಡಿಸಿದಾಗ ಕಿವಿ ಚುಚ್ಚಿತು. ಪೇಟಿಯ ಸ್ವರ ಕೂದಲೆಳೆಯಷ್ಟು ಮೇಲಿತ್ತು. ಅದರ ಹಿತ್ತಾಳೆಯ ನಾಲಿಗೆಗಳನ್ನು ಅಲ್ಲೇ ಕೂತು ತಿದ್ದಲಾಗುವುದಿಲ್ಲ. ಪಿಯಾನೊದ ಹಿಂಬದಿಯಲ್ಲಿ ಸ್ವರವನ್ನು ಅಷ್ಟಿಷ್ಟು ಸರಿಸುವ ಸಣ್ಣ ತಿರುಗಣೆ ಇದೆ. ಹುಡುಗಿ ಅದನ್ನು ತಿರುಗಿಸುತ್ತಾ ತಿರುಗಿಸುತ್ತಾ ಕಾಕಾ ಕೈ ಎತ್ತಿ "ಬಸ್" ಎನ್ನುವವರೆಗೆ ಹೋದಳು. ಆಮೇಲೆ ಪೂಜೆಯುದ್ದಕ್ಕೂ ರಾಗ ಹಿಡಿದದ್ದು ಪೇಟಿ. ಎಳೆದು ಜಾರಿಸುವ ಧಾಟಿ ಕಾಕಾರದು. ಪಿಯಾನೊ ಕೆಳಗೆ ಮೆಲ್ಲಗೆ ನಿಂತಿತ್ತು. ಹಾಗೇ ಇರಬೇಕಿತ್ತು.

ಪೂಜೆ ಮುಗಿದ ಮೇಲೆ, ಮಾತು ಕೊಟ್ಟಂತೆ, ಹುಡುಗಿ ಅಂಗಳದಲ್ಲಿ ಒಬ್ಬಳೇ ನುಡಿಸಿದಳು. ಮಗನಿಗೆ ತೊಟ್ಟಿಲಲ್ಲಿ ಹಾಡಿದ್ದ ಮರಿಯಮ್ಮನವರ ಕನ್ನಡ ಗೀತೆ, ಕೊನೆಯ ಗುಂಡಿಯಲ್ಲಿ. ತಾಯಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡು ಸಾಲು ಕಳೆದಿರಬೇಕು, ಹಾಡತೊಡಗಿದರು. ತಗ್ಗಿನ, ಸ್ವಲ್ಪ ಒಡೆದ ದನಿ. ಹುಡುಗಿ ಪೆಡಲಿನಿಂದ ಕಾಲು ತೆಗೆದು ಅವರ ಉಸಿರಿಗೆ ಕಾಯುತ್ತಾ ನುಡಿಸಿದಳು.

ವಾದ್ಯ ಈಗಲೂ ನಮ್ಮ ದೇವಾಲಯದಲ್ಲಿದೆ. ಹೊಸ ಕೀಬೋರ್ಡನ್ನೂ ಕೊಂಡಿದ್ದೇವೆ. ಯುವಜನರ ಪ್ರಾರ್ಥನಾಕೂಟಕ್ಕೆ ಅದು ಬೇಕು, ಕರೆಂಟು ಹೋದರೆ ಬ್ಯಾಟರಿಯ ಮೇಲೂ ನಡೆಯುತ್ತದೆ. ಹಳೆಯದಕ್ಕೆ ಆ ಭಾಗ್ಯವಿಲ್ಲ. ರಿಪೇರಿಗೆ ಇದುವರೆಗೆ ಒಂಬತ್ತು ಸಾವಿರಕ್ಕೂ ಮಿಕ್ಕಿ ಖರ್ಚಾಗಿದೆ. ಖಜಾಂಚಿಯವರು ಪ್ರತಿ ಸಭೆಯಲ್ಲೂ ಗುಜರಿಯವನ ಮೂರು ಸಾವಿರವನ್ನು ನೆನಪಿಸುತ್ತಾರೆ. ಹೋದ ವಾರದಿಂದ ನಡುವಿನ ಎರಡು ಕೀ ಮತ್ತೆ ಮೂಕವಾಗಿವೆ. ಅಂಕಿಗಳ ನೋಟ್‌ಬುಕ್ ಹುಡುಗಿಯ ಬಳಿ ಇದೆ. ಬರುವ ಶನಿವಾರ ಅಣ್ಣ ಬರುತ್ತೇನೆಂದಿದ್ದಾರೆ, ಆಲ್ಕೋಹಾಲಿನ ಬಾಟಲಿಯೊಂದಿಗೆ.